ಎಕ್ಸಲರೇಟರ್ ಒತ್ತಿದ್ರೆ ಗಾಡಿ ಎಡಕ್ಕೆ, ಅಲೈನ್‌ಮೆಂಟ್ ಮಾತ್ರ ಸರಿ ಉಂಟಂತೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ದೂರು, ಗಾಡಿ ಒಂದು ಬದಿಗೆ ಎಳೀತದೆ ಅಂತ. ಮಳೆಗಾಲ ಮುಗಿದ ಮೇಲೆ ಮುಂಬಯಿ, ಪುಣೆ, ಗೋವಾ ಕಡೆ ಇದು ಇದ್ದದ್ದೇ, ನೀರು ತುಂಬಿದ ಹೊಂಡ ಕಾಣುದಿಲ್ಲ, ಬಿದ್ದು ಬಿದ್ದು ಗಾಡಿಯ ಅಡಿ ಸಡಿಲ ಆಗಿರ್ತದೆ. ಹಾಗಾಗಿ ಇನ್ಶೂರೆನ್ಸ್, ಮೈಲೇಜ್ ಪ್ರಶ್ನೆ ಕಳಿಸಿದವ್ರು ಸ್ವಲ್ಪ ತಾಳಿ, ಅದನ್ನೆಲ್ಲ ಮುಂದಿನ ಸಲ ನೋಡುವ.

ಡೊಂಬಿವಲಿಯ ಓದುಗರೊಬ್ಬರು: ನನ್ನದು 2016ರ ಡೀಸೆಲ್ ಹ್ಯಾಚ್‌ಬ್ಯಾಕ್, 92 ಸಾವಿರ ಕಿಲೋಮೀಟರ್ ಆಗಿದೆ. ಮಳೆಗಾಲದ ನಂತರ ಸೆಕೆಂಡ್ ಗೇರಲ್ಲಿ ಸ್ವಲ್ಪ ಜೋರಾಗಿ ಎಕ್ಸಲರೇಟರ್ ಕೊಟ್ರೆ ಗಾಡಿ ಎಡಕ್ಕೆ ಎಳೀತದೆ, ಕಾಲು ತೆಗೆದ ಕೂಡ್ಲೆ ಬಲಕ್ಕೆ ಸಣ್ಣ ಜರ್ಕ್ ಹೊಡೀತದೆ. ಒಂದೇ ಸ್ಪೀಡಲ್ಲಿ ಹೋದ್ರೆ ಏನೂ ಇಲ್ಲ, ನೇರ ಹೋಗ್ತದೆ. ಎರಡು ಕಡೆ ಅಲೈನ್‌ಮೆಂಟ್ ಮಾಡಿಸಿದೆ, ಎರಡೂ ಕಡೆ ಸ್ಕ್ರೀನಲ್ಲಿ ಎಲ್ಲ ಹಸಿರು, "ಸಬ್ ಓಕೆ ಹೈ" ಅಂದ್ರು. ಈಗ ಒಬ್ಬ ಮೆಕ್ಯಾನಿಕ್ ಸ್ಟೀರಿಂಗ್ ರ‍್ಯಾಕ್ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಭಾಗ) ಹೋಗಿದೆ ಅಂತಾನೆ, ಇನ್ನೊಬ್ಬ ಮುಂದಿನ ಎರಡು ಟಯರ್ ಹೊಸದು ಹಾಕಿ ಅಂತಾನೆ. ಯಾವುದು ಮಾಡಿಸ್ಲಿ?

ಉತ್ತರ: ಎರಡೂ ಬೇಡ ಮಾರಾಯ್ರೆ, ಸದ್ಯಕ್ಕೆ ಪರ್ಸ್ ಒಳಗೇ ಇರ್ಲಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಉಂಟು. ಒತ್ತಿದ್ರೆ ಎಡಕ್ಕೆ, ಬಿಟ್ರೆ ಬಲಕ್ಕೆ, ಒಂದೇ ವೇಗದಲ್ಲಿ ನೇರ. ಅಲೈನ್‌ಮೆಂಟೇ ತಪ್ಪಿದ್ದಿದ್ರೆ ಅಥವಾ ಟಯರೇ ಹಾಳಾಗಿದ್ದಿದ್ರೆ ಗಾಡಿ ಒಂದೇ ವೇಗದಲ್ಲೂ ಎಳೀಬೇಕಿತ್ತು, ಇಳಿಜಾರಲ್ಲಿ ನ್ಯೂಟ್ರಲ್ ಹಾಕಿದ್ರೂ ಎಳೀಬೇಕಿತ್ತು. ಇಂಜಿನ್ನಿನ ಜೋರು ಬಿದ್ದಾಗ ಮಾತ್ರ ಒಂದು ಕಡೆ, ಜೋರು ತೆಗೆದಾಗ ಉಲ್ಟಾ ಕಡೆ ಅಂದ್ರೆ ಅಡಿಯಲ್ಲಿ ಎಂತದೋ ಒಂದು ಹಿಂದೆ ಮುಂದೆ ಸರೀತಾ ಉಂಟು.

ಅಲೈನ್‌ಮೆಂಟ್ ಮಶೀನು ಸುಳ್ಳು ಹೇಳ್ಲಿಲ್ಲ, ಅದರ ತಪ್ಪಲ್ಲ. ಅದು ಅಳಿಯುದು ನಿಂತ ಗಾಡಿಯನ್ನು, ಇಂಜಿನ್ ಬಂದ್, ಚಕ್ರಕ್ಕೆ ಒಂದು ಚೂರೂ ಜೋರಿಲ್ಲ. ಆಗ ಹರಿದ ರಬ್ಬರ್ ಬುಷ್ (ಜೋಡಣೆಯ ಜಾಗದಲ್ಲಿ ಇರುವ ರಬ್ಬರ್ ತುಂಡು) ಕೂಡ ತನ್ನ ಜಾಗದಲ್ಲಿ ಶಿಸ್ತಾಗಿ ಕೂತಿರ್ತದೆ, ಟೋ, ಕ್ಯಾಂಬರ್ (ಚಕ್ರದ ಕೋನದ ಅಳತೆಗಳು) ಎಲ್ಲ ಹಸಿರು ಬರ್ತದೆ. ನೀವು ಸಿಗ್ನಲ್ ಬಿಟ್ಟು ಎಕ್ಸಲರೇಟರ್ ಒತ್ತಿದಾಗ ಮುಂದಿನ ಎರಡು ಚಕ್ರ ಗಾಡಿಯನ್ನು ಎಳ್ಕೊಂಡು ಮುಂದೆ ಓಡ್ಲಿಕ್ಕೆ ನೋಡ್ತವೆ, ಆ ಜೋರನ್ನೆಲ್ಲ ತಡ್ಕೊಳ್ಳುದು ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ಲೋವರ್ ಆರ್ಮ್, ಮತ್ತೆ ಆ ಆರ್ಮಿನ ಹಿಂದಿನ ದೊಡ್ಡ ಬುಷ್. ಒಂದು ಬದಿಯ ಬುಷ್ ಹರಿದಿದ್ರೆ ಆ ಬದಿಯ ಚಕ್ರ ಕೆಲವು ಮಿಲಿಮೀಟರ್ ಮುಂದೆ ಹೋಗ್ತದೆ, ಆದ್ರೆ ಚಕ್ರವನ್ನು ತಿರುಗಿಸುವ ಸ್ಟೀರಿಂಗಿನ ಸರಳು, ಟೈ ರಾಡ್, ಮಾತ್ರ ಇದ್ದಲ್ಲೇ ಇರ್ತದೆ, ಆಗ ಎಂತ ಆಗ್ತದೆ, ನೀವು ಸ್ಟೀರಿಂಗ್ ಮುಟ್ಟದೆನೇ ಆ ಚಕ್ರ ಸ್ವಲ್ಪ ತಿರುಗ್ತದೆ. ಕಾಲು ತೆಗೆದ್ರೆ ವಾಪಸ್ ಬರ್ತದೆ. ನಿಮ್ಮ ಬಲಕ್ಕೆ ಹೊಡಿಯುವ ಜರ್ಕ್ ಅದೇ.

ಹೊಂಡಕ್ಕೆ ಎಡ ಚಕ್ರ ಹೆಚ್ಚು ಬೀಳ್ತದೆ, ನೀರು ನಿಲ್ಲುದು ರಸ್ತೆಯ ಅಂಚಲ್ಲಿ, ಮತ್ತೆ ಫುಟ್‌ಪಾತಿನ ಕಲ್ಲಿಗೆ ತಾಗುದೂ ಅದೇ ಚಕ್ರ. ಹಾಗಂತ ಎಡ ಬುಷ್ಷೇ ಹೋಗಿದೆ ಅಂತ ಕೂತಲ್ಲೇ ಹೇಳ್ಲಿಕ್ಕಾಗುದಿಲ್ಲ, ಸ್ಟೀರಿಂಗ್ ರ‍್ಯಾಕ್ ಆಕ್ಸಲಿನ ಮುಂದೆ ಉಂಟಾ ಹಿಂದೆ ಉಂಟಾ ಅನ್ನುದರ ಮೇಲೆ ಎಳೆತದ ದಿಕ್ಕು ಬದಲಾಗ್ತದೆ. ಎರಡೂ ಬದಿ ನೋಡಿಸಿ.

ಮೊದ್ಲು ನೀವೇ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಆದಿತ್ಯವಾರ ಬೆಳಿಗ್ಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಳಗಿನ ಖಾಲಿ ರಸ್ತೆ ಸಾಕು, ಹಿಂದೆ ಮುಂದೆ ಗಾಡಿ ಇಲ್ಲದ್ದು ನೋಡ್ಕೊಳ್ಳಿ. ಟಯರ್ ಗಾಳಿ ಮೊದ್ಲು ಸರಿ ಮಾಡಿಸಿ, ಡ್ರೈವರ್ ಬಾಗಿಲಿನ ಕಂಬದಲ್ಲಿ ಸ್ಟಿಕ್ಕರ್ ಇರ್ತದೆ, ಅದರಲ್ಲಿ ಬರೆದಷ್ಟೇ, ಪೆಟ್ರೋಲ್ ಪಂಪಿನವ ಎಲ್ಲ ಗಾಡಿಗೂ ಕಣ್ಣು ಮುಚ್ಚಿ ಹಾಕುವ 35 ಅಲ್ಲ. ಆಮೇಲೆ ಸ್ಟೀರಿಂಗ್ ಮೇಲೆ ಕೈ ಹಗುರ ಇಟ್ಟು, ಬಿಡಬೇಡಿ, ಹಗುರ ಇಟ್ಟು, ಸೆಕೆಂಡ್ ಗೇರಲ್ಲಿ 20ರಿಂದ 40ಕ್ಕೆ ಒತ್ತಿ. ಅದೇ ಕೆಲಸ ಥರ್ಡ್‌ನಲ್ಲಿ ಮಾಡಿ, ನಾಲ್ಕರಲ್ಲಿ ಮಾಡಿ. ಗೇರ್ ಮೇಲೆ ಹೋದ ಹಾಗೆ ಎಳೆತ ಕಡಿಮೆ ಆದ್ರೆ ಅದು ಇಂಜಿನ್ ಜೋರಿಗೆ ಸಂಬಂಧಪಟ್ಟದ್ದು. ಯಾಕೆಂದ್ರೆ ಫಸ್ಟ್ ಗೇರಲ್ಲಿ ಗೇರ್‌ಬಾಕ್ಸೂ ಡಿಫರೆನ್ಷಿಯಲ್ಲೂ ಸೇರಿ ಇಂಜಿನ್ನಿನ ಟಾರ್ಕನ್ನು, ಅಂದ್ರೆ ತಿರುಗಿಸುವ ಜೋರನ್ನು, ಹೆಚ್ಚುಕಡಿಮೆ 14 ಪಟ್ಟು ಮಾಡಿ ಚಕ್ರಕ್ಕೆ ಕೊಡ್ತವೆ, ಐದನೇ ಗೇರಲ್ಲಿ ಅದೇ ಮೂರು ಪಟ್ಟಿನ ಹತ್ತಿರ ಬರ್ತದೆ. ನಿಮ್ಮ ಡೀಸೆಲ್ಲಿನದ್ದು 200 ನ್ಯೂಟನ್ ಮೀಟರ್ ಅಂತ ಇಟ್ಕೊಂಡ್ರೆ ಅದು ಫಸ್ಟ್ ಗೇರಲ್ಲಿ ಚಕ್ರಕ್ಕೆ ಹೋಗುವಾಗ 2800 ಆಗಿರ್ತದೆ, ಹರಿದ ರಬ್ಬರ್ ಅಷ್ಟನ್ನು ಎಲ್ಲಿ ತಡೀತದೆ. ಗೇರ್ ಯಾವುದೇ ಇರ್ಲಿ, ವೇಗ ಹೆಚ್ಚಾದ ಹಾಗೆ ಎಳೆತವೂ ಹೆಚ್ಚಾದ್ರೆ ಮಾತ್ರ ಟಯರ್, ಅಲೈನ್‌ಮೆಂಟ್ ಕಡೆ ನೋಡಿ.

ಈಗ ಮೆಕ್ಯಾನಿಕ್ ಹತ್ರ ಎಂತ ನೋಡಿಸ್ಬೇಕು. ಗಾಡಿ ಲಿಫ್ಟಿಗೆ ಹಾಕಿ ಟಾಮಿ (ಉದ್ದದ ಕಬ್ಬಿಣದ ಸರಳು) ತಗೊಂಡು ಲೋವರ್ ಆರ್ಮಿನ ಹಿಂದಿನ ಬುಷ್ ಹತ್ರ ಮೀಟ್ಲಿಕ್ಕೆ ಹೇಳಿ, ಬರೇ ಕೈಯಲ್ಲಿ ಅಲ್ಲಾಡಿಸಿ "ಟೈಟ್ ಹೈ" ಅಂದ್ರೆ ಒಪ್ಪಬೇಡಿ, ಮನುಷ್ಯರ ಕೈಗೆ ಆ ಜೋರಿಲ್ಲ. ರಬ್ಬರ್ ಸೀಳಿದ್ದು, ಲೋಹದಿಂದ ಬಿಟ್ಟದ್ದು, ಕೆಲವು ಗಾಡಿಗಳಲ್ಲಿ ಬುಷ್ ಒಳಗೆ ಎಣ್ಣೆ ಇರ್ತದೆ, ಅದು ಸೋರಿ ಕಪ್ಪಾದದ್ದು, ಇದೆಲ್ಲ ಕಣ್ಣಿಗೆ ಕಾಣ್ತದೆ. ಅಲ್ಲೇ ಸಬ್‌ಫ್ರೇಮಿನ ಬೋಲ್ಟ್‌ಗಳನ್ನೂ ನೋಡಿಸಿ, ಸಬ್‌ಫ್ರೇಮ್ ಅಂದ್ರೆ ಆರ್ಮ್‌ಗಳನ್ನು ಹೊತ್ತ ಅಡಿಯ ಚೌಕಟ್ಟು, ಇದನ್ನು ತುಂಬ ಜನ ಬಿಟ್ಟೇ ಬಿಡ್ತಾರೆ. ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸಕ್ಕೆ ಸಬ್‌ಫ್ರೇಮ್ ಇಳಿಸಿ ವಾಪಸ್ ಹಾಕುವಾಗ ಬೋಲ್ಟ್ ಸರಿ ಟೈಟ್ ಆಗದಿದ್ರೆ ಇಡೀ ಫ್ರೇಮೇ ಸರೀತದೆ, ಲಕ್ಷಣ ಥೇಟ್ ನಿಮ್ಮದೇ, ಜೊತೆಗೆ ಕಾಲು ತೆಗೆದಾಗ ಅಡಿಯಿಂದ ಟಕ್ ಅಂತ ಒಂದು ಸದ್ದು. ಬೋಲ್ಟಿನ ತಲೆ ಸುತ್ತ ತುಕ್ಕಿನ ಮಧ್ಯೆ ಹೊಳಿಯುವ ಗೆರೆ ಕಂಡ್ರೆ ಅದು ಸರಿದಾಡಿದ ಗುರುತು. ನಿಮ್ಮ ಗಾಡಿಗೆ ಇತ್ತೀಚೆಗೆ ಕ್ಲಚ್ ಹಾಕಿಸಿದ್ರಾ? ಪತ್ರದಲ್ಲಿ ಬರೆದಿಲ್ಲ, ಹಾಕಿಸಿದ್ರೆ ಮೊದ್ಲು ಇದನ್ನೇ ನೋಡಿಸಿ.

ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಅದೇ ಹೊತ್ತಿಗೆ ನೋಡಿ ಆಗ್ತದೆ. ಆಮೇಲೆ ಇಂಜಿನ್ ಮೌಂಟಿಂಗ್, ನಮ್ಮ ಗ್ಯಾರೇಜ್ ಭಾಷೆಯಲ್ಲಿ ಫೌಂಡೇಶನ್. ಅದು ಕೂತುಹೋಗಿದ್ರೆ ಜೋರು ಕೊಟ್ಟಾಗ ಇಂಜಿನ್ ಅತಿಯಾಗಿ ವಾಲ್ತದೆ, ಆಕ್ಸಲ್‌ಗಳ ಕೋನ ಬದಲಾಗ್ತದೆ, ಸ್ಟೀರಿಂಗ್ ಎಳೀತದೆ. ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಹಾಕಿ, ಕಾಲ್‌ಬ್ರೇಕೂ ಒತ್ತಿಟ್ಟು, ಫಸ್ಟ್ ಗೇರಲ್ಲಿ ಕ್ಲಚ್ ಒಂದು ಚೂರು ಬಿಟ್ರೆ ಇಂಜಿನ್ ಎಷ್ಟು ಏಳ್ತದೆ ಅಂತ ಗೊತ್ತಾಗ್ತದೆ, ರಿವರ್ಸಲ್ಲೂ ಹಾಗೇ ನೋಡಿ. ನೋಡುವವರು ಬದಿಯಲ್ಲಿ ನಿಲ್ಲಬೇಕು, ಗಾಡಿ ಮುಂದೆ ಯಾರೂ ನಿಲ್ಲಬಾರ್ದು, ಗೋಡೆ ಮತ್ತು ಗಾಡಿ ನಡುವೆ ಅಂತೂ ಬೇಡವೇ ಬೇಡ.

ಬುಷ್ಷೇ ಅಂತ ಗೊತ್ತಾದ್ರೆ ಎರಡೂ ಬದಿ ಒಟ್ಟಿಗೆ ಬದಲಿಸಿ. ಕೆಲವು ಗಾಡಿಗೆ ಬುಷ್ ಬೇರೆ ಸಿಗ್ತದೆ, ಪ್ರೆಸ್ಸಲ್ಲಿ ಹೊಡ್ದು ಹಾಕ್ತಾರೆ, ಕೆಲವಕ್ಕೆ ಇಡೀ ಆರ್ಮೇ ತಗೊಳ್ಬೇಕು. ಕುರ್ಲಾದ ಸಿಎಸ್‌ಟಿ ರೋಡಲ್ಲಿ ಹಳೇ ಗಾಡಿಯಿಂದ ಬಿಚ್ಚಿದ ಆರ್ಮ್ ಸಿಗ್ತದೆ ಅಂತ ಯಾರಾದ್ರೂ ಹೇಳಿಯೇ ಹೇಳ್ತಾರೆ, ಬಾಗಿಲು, ಬಂಪರ್, ಲೈಟಿಗೆ ಆ ಮಾರ್ಕೆಟ್ ಒಳ್ಳೇದೇ, ರಬ್ಬರ್ ಇರುವ ಸಾಮಾನು ಮಾತ್ರ ಅಲ್ಲಿಂದ ಬೇಡ. ಹಾಕುವಾಗ ಒಂದು ವಿಷಯ ಎದುರು ನಿಂತು ನೋಡಿ: ಬುಷ್ಷಿನ ಬೋಲ್ಟನ್ನು ಕೊನೆಯ ಟೈಟ್ ಮಾಡುದು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಲಿಫ್ಟಲ್ಲಿ ಚಕ್ರ ನೇತಾಡ್ತಾ ಇರುವಾಗಲೇ ಪೂರ್ತಿ ಟೈಟ್ ಮಾಡಿದ್ರೆ ಗಾಡಿ ಇಳಿಸಿದ ಕೂಡ್ಲೆ ರಬ್ಬರ್ ತಿರುಚಿ ಕೂತ್ಕೊಳ್ತದೆ, ಸ್ವಲ್ಪ ಸಮಯದಲ್ಲೇ ಮತ್ತೆ ಹರೀತದೆ, ಆಗ ನೀವು ಪಾರ್ಟ್ ಡೂಪ್ಲಿಕೇಟ್ ಅಂತ ಅಂಗಡಿಯವನಿಗೆ ಬೈತೀರಿ. ಇದೆಲ್ಲ ಆದ ಮೇಲೆ ಅಲೈನ್‌ಮೆಂಟ್, ಪ್ರಿಂಟ್ ಕೇಳಿ ತಗೊಳ್ಳಿ.

ಟಯರ್ ಬಗ್ಗೆ ಸಂಶಯ ಇನ್ನೂ ಇದ್ರೆ ಮುಂದಿನ ಎಡ ಬಲ ಟಯರ್ ಅದಲು ಬದಲು ಮಾಡಿಸಿ. ಎಳೆತವೂ ದಿಕ್ಕು ಬದಲಿಸಿದ್ರೆ ಟಯರ್ರೇ, ಇಲ್ಲದಿದ್ರೆ ಅಲ್ಲ. ಒಂದೇ ದಿಕ್ಕಿಗೆ ತಿರುಗುವ ಬಾಣದ ಗುರುತು ಇರುವ ಟಯರ್ ಆದ್ರೆ ಅದೇ ಬದಿಯಲ್ಲಿ ಮುಂದಿನದ್ದು ಹಿಂದೆ ಹಾಕಿ ನೋಡಿ. ರ‍್ಯಾಕ್ ಅಂತೂ ಕೊನೆಗೆ, ಅದು ಹೋದ್ರೆ ಸ್ಟೀರಿಂಗಲ್ಲಿ ಆಟ ಬರ್ತದೆ, ಸದ್ದು ಬರ್ತದೆ, ಎಕ್ಸಲರೇಟರ್ ನೋಡಿ ಎಳಿಯುವ ಕೆಲಸ ಅದು ಸಾಮಾನ್ಯವಾಗಿ ಮಾಡುದಿಲ್ಲ.

ಗೋವಾದ ಮಾಪ್ಸಾದಿಂದ ಒಬ್ಬರು: ಸರ, ನಾವು ಬೆಳಗಾವಿಯಿಂದ ಕಾಯಿಪಲ್ಲೆ ತುಂಬ್ಕೊಂಡು ಚೋರ್ಲಾ ಘಾಟ್ ಮ್ಯಾಲಿಂದ ಗೋವಾಕ್ಕ ಬರ್ತೀವ್ರಿ. ಪಿಕಪ್ ಗಾಡಿ ಐತ್ರಿ, ಹಿಂದಿನ ಗಾಲಿ ಎಳಿಯೋದು. ಲೋಡ್ ಇದ್ದಾಗ ಏರಿನ್ಯಾಗ ಎಕ್ಸಲೇಟರ್ ಕೊಟ್ರ ಎಡಕ್ಕ ಜಗ್ಗತೈತ್ರಿ, ಖಾಲಿ ಇದ್ರ ಅಷ್ಟೇನ್ ಗೊತ್ತಾಗಂಗಿಲ್ಲ. ಮುಂದಿನ ಅಲೈನ್‌ಮೆಂಟ್ ಮಾಡಿಸೇವ್ರಿ, ಕಿಂಗ್ ಪಿನ್ ನೋಡ್ಯಾರಿ, ಮಿಸ್ತ್ರಿ ಏನೂ ಇಲ್ಲ ಅಂತಾನ. ನಮ್ಮ ಹುಡುಗ ಒಬ್ಬ ಹಿಂದ ಬರೋವಾಗ ನೋಡಿ, ಅಣ್ಣಾ ಗಾಡಿ ಸೊಟ್ಟ ಹೊಂಟೈತಿ ಅಂದ್ರಿ.

ಉತ್ತರ: ನಿಮ್ಮ ಹುಡುಗನಿಗೆ ಒಂದು ಚಾ ಕುಡಿಸಿ, ಮಿಸ್ತ್ರಿಗೆ ಕಾಣದ್ದು ಅವನಿಗೆ ಕಂಡಿದೆ. ಹಿಂದಿನ ಚಕ್ರ ಎಳಿಯುವ ಗಾಡಿಯಲ್ಲಿ ಮುಂದೆ ಹುಡುಕಿ ಹುಡುಕಿ ಸುಸ್ತಾಗುದು ಯಾಕೆ, ಜೋರು ಬೀಳುದೇ ಹಿಂದೆ. ಹಿಂದಿನ ಆಕ್ಸಲನ್ನು ಪಟ್ಟಾಕ್ಕೆ (ಲೀಫ್ ಸ್ಪ್ರಿಂಗಿಗೆ) ಹಿಡಿದಿಡುದು ಯು ಬೋಲ್ಟ್, ಪಟ್ಟಾದ ನಡುವಿನ ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ತೂತಿನಲ್ಲಿ ಕೂತು ಅದು ಜಾರದ ಹಾಗೆ ನೋಡ್ತದೆ. ಯು ಬೋಲ್ಟ್ ಸಡಿಲ ಆದ್ರೆ ಎಲ್ಲ ಜೋರೂ ಆ ಸಣ್ಣ ಸೆಂಟರ್ ಬೋಲ್ಟ್ ಮೇಲೆ, ಅದು ತುಂಡಾಗ್ತದೆ, ಆಮೇಲೆ ಆ ಬದಿಯ ಆಕ್ಸಲ್ ಲೋಡ್ ಇಟ್ಟು ಏರಿಸುವಾಗ ಮುಂದೆ ಸರೀತದೆ. ಎಡದ ಹಿಂದಿನ ಚಕ್ರ ಮುಂದೆ ಸರಿದ್ರೆ ಹಿಂಭಾಗ ಬಲಕ್ಕೆ ಹೊರಳಿ ಗಾಡಿಯ ಮೂತಿ ಎಡಕ್ಕೆ ತಿರುಗ್ತದೆ, ನೀವು ಸ್ಟೀರಿಂಗ್ ಬಲಕ್ಕೆ ಹಿಡಿದು ನೇರ ಹೋಗ್ತೀರಿ, ಹಿಂದಿನಿಂದ ನೋಡಿದವನಿಗೆ ಗಾಡಿ ಏಡಿ ನಡೆದ ಹಾಗೆ ಸೊಟ್ಟ ಕಾಣ್ತದೆ.

ಸಪಾಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಸ್ಟೀರಿಂಗ್ ನೇರ ಇಟ್ಟು, ಟೇಪ್ ಹಿಡಿದು ಎರಡು ಅಳತೆ ತಗೊಳ್ಳಿ. ಒಂದು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ, ಎರಡೂ ಬದಿ. ಇನ್ನೊಂದು, ಪಟ್ಟಾದ ಮುಂದಿನ ಕಣ್ಣಿನ ಪಿನ್ನಿಂದ ಆಕ್ಸಲಿಗೆ, ಅದೂ ಎರಡೂ ಬದಿ. ಎಡ ಬಲಕ್ಕೆ ಎದ್ದು ಕಾಣುವ ಫರಕು ಇದ್ರೆ ಮುಂದೆ ಹುಡುಕುದು ನಿಲ್ಲಿಸಿ. ಖಾಲಿ ಒಮ್ಮೆ, ಲೋಡಲ್ಲಿ ಒಮ್ಮೆ ಅಳೀರಿ. ಯು ಬೋಲ್ಟ್ ಹತ್ರ ಕೆಂಪು ತುಕ್ಕಿನ ಪುಡಿ, ಪಟ್ಟಾ ಉಜ್ಜಿ ಹೊಳೆದ ಜಾಗ ಕಾಣ್ತದಾ ನೋಡಿ. ಪಟ್ಟಾದ ಮುಂದಿನ ಕಣ್ಣಿನ ಬುಷ್ ಹೋಗಿದ್ರೂ ಇದೇ ಆಟ, ಒಂದು ಪಟ್ಟಾ ತುಂಡಾಗಿ ಗಾಡಿ ಒಂದು ಬದಿ ಕೂತಿದ್ರೂ ಇದೇ. ಹೊಸ ಯು ಬೋಲ್ಟನ್ನೇ ಹಾಕಿ, ಒಮ್ಮೆ ಎಳೆದ ಹಳೇದನ್ನು ಮತ್ತೆ ಹಾಕಬೇಡಿ, ಲೋಡ್ ಇಟ್ಟು ಒಂದೆರಡು ಟ್ರಿಪ್ ಆದ ಮೇಲೆ ಮತ್ತೆ ಪಾನಾ ಹಾಕಿ ನೋಡಿ, ಹೊಸ ಬೋಲ್ಟ್ ಕೂತ್ಕೊಂಡು ಸ್ವಲ್ಪ ಸಡಿಲ ಆಗ್ತದೆ.

ಇನ್ನೊಂದು, ಕೋಪ ಮಾಡ್ಬೇಡಿ. ಪಿಕಪ್ಪಿಗೆ ಪಾಸಿಂಗ್ (ಕಾಗದದಲ್ಲಿ ಒಪ್ಪಿದ ಭಾರ) ಎಷ್ಟು, ನೀವು ತುಂಬುದೆಷ್ಟು? ಹಿಂದೆ ಭಾರ ಹೆಚ್ಚಾದ್ರೆ ಏರಲ್ಲಿ ಮೂತಿ ಎದ್ದು ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆ ಆಗ್ತದೆ, ಸಣ್ಣ ಸರಿತವೂ ಸ್ಟೀರಿಂಗಲ್ಲಿ ದೊಡ್ಡದಾಗಿ ಕಾಣ್ತದೆ. ಚೋರ್ಲಾದ ತಿರುವಲ್ಲಿ ಮಳೆ, ಮಂಜು ಇರುವಾಗ ಸೆಂಟರ್ ಬೋಲ್ಟ್ ತುಂಡಾದ ಗಾಡಿ ಓಡಿಸ್ಬೇಡಿ. ಅಳತೆ ತಗೊಳ್ಳುವ ತನಕ ಲೋಡ್ ತುಂಬುದೇ ಬೇಡ, ಬಾಡಿಗೆ ಒಂದೆರಡು ಹೋದ್ರೆ ಹೋಗ್ಲಿ.

ಪುಣೆ ಹಿಂಜವಡಿಯಿಂದ ಒಬ್ಬ ಓದುಗ: ಸರ್, ಹೊಸ ಎಲೆಕ್ಟ್ರಿಕ್ ಎಸ್‌ಯುವಿ ತಗೊಂಡಿದೀನಿ, ಮುಂದಿನ ಚಕ್ರ ಡ್ರೈವ್, 310 ನ್ಯೂಟನ್ ಮೀಟರ್ ಟಾರ್ಕ್. ಸ್ಪೋರ್ಟ್ ಮೋಡಲ್ಲಿ ಸಿಗ್ನಲ್‌ನಿಂದ ಫುಲ್ ಒತ್ತಿದ್ರೆ ಸ್ಟೀರಿಂಗ್ ಕೈಯಿಂದ ಕಿತ್ಕೊಂಡ ಹಾಗಾಗುತ್ತೆ. ಸರ್ವಿಸ್‌ನವರು ನಾರ್ಮಲ್ ಅಂತಾರೆ. ಹೊಸ ಗಾಡಿ ಹೀಗಿದ್ರೆ ಹೇಗೆ ನಾರ್ಮಲ್ ಆಗುತ್ತೆ? ಮತ್ತೆ ನಮ್ಮಪ್ಪ ತಮ್ಮ ಕಾಲದ ಪದ್ಮಿನಿ ಹೀಗೆ ಮಾಡ್ತಿರ್ಲಿಲ್ಲ ಅಂತಾರೆ.

ಉತ್ತರ: ನಿಮ್ಮ ಅಪ್ಪ ಹೇಳುದು ಸರಿ. ಕುರ್ಲಾದಲ್ಲಿ ತಯಾರಾಗ್ತಿದ್ದ ಪ್ರೀಮಿಯರ್ ಪದ್ಮಿನಿಯಲ್ಲಿ ಎಳಿಯುದು ಹಿಂದಿನ ಚಕ್ರ, ತಿರುಗುದು ಮುಂದಿನ ಚಕ್ರ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರ್ತಿರ್ಲಿಲ್ಲ. ಮುಂದಿನ ಚಕ್ರವೇ ಎಳೆದು ಮುಂದಿನ ಚಕ್ರವೇ ತಿರುಗುವ ಗಾಡಿಯಲ್ಲಿ ಈ ಜಗಳ ಹುಟ್ಟಿನಿಂದಲೇ ಉಂಟು, ಇದಕ್ಕೆ ಟಾರ್ಕ್ ಸ್ಟಿಯರ್ ಅಂತಾರೆ. ಇಂಜಿನ್ ಅಥವಾ ಮೋಟರ್ ಅಡ್ಡ ಕೂತಿರ್ತದೆ, ಗೇರ್‌ಬಾಕ್ಸ್ ಒಂದು ಬದಿಗಿರ್ತದೆ, ಹಾಗಾಗಿ ಎಷ್ಟೋ ಗಾಡಿಗಳಲ್ಲಿ ಒಂದು ಆಕ್ಸಲ್ ಗಿಡ್ಡ, ಇನ್ನೊಂದು ಉದ್ದ. ಗಾಡಿ ಮೂತಿ ಎತ್ತಿ ಓಡುವಾಗ ಎರಡರ ಕೋನ ಬೇರೆ ಬೇರೆ ಆಗ್ತದೆ, ಕೋನ ಇರುವ ಜಾಯಿಂಟ್ ಮೂಲಕ ಟಾರ್ಕ್ ಹೋಗುವಾಗ ಅದರ ಒಂದು ಪಾಲು ಚಕ್ರವನ್ನು ತಿರುಗಿಸ್ಲಿಕ್ಕೂ ನೋಡ್ತದೆ, ಎಡದ ಪಾಲೂ ಬಲದ ಪಾಲೂ ಸಮ ಆಗದಿದ್ರೆ ಉಳಿದದ್ದು ನಿಮ್ಮ ಕೈಗೆ ಬರ್ತದೆ.

ಹಳೇ ಮಾರುತಿ 800ರಲ್ಲೂ ಮುಂದಿನ ಚಕ್ರವೇ ಎಳಿಯುದು, ಆದ್ರೆ ಅದರ ಟಾರ್ಕ್ 60ರ ಹತ್ತಿರ, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಹ್ಯಾರಿಯರ್ ಡೀಸೆಲ್ಲಲ್ಲಿ ಅದೇ ಮುಂದಿನ ಎರಡು ಚಕ್ರಕ್ಕೆ 350. ಎಲೆಕ್ಟ್ರಿಕ್‌ನಲ್ಲಿ ಇನ್ನೊಂದು ಗಮ್ಮತ್ತು, ಡೀಸೆಲ್ ಹಾಗೆ ಟರ್ಬೋ ಎದ್ದು ಬರ್ಲಿಕ್ಕೆ ಕಾಯುದಿಲ್ಲ, ನಿಂತಲ್ಲಿಂದಲೇ ಎಲ್ಲ ಟಾರ್ಕ್ ಬಂದು ಬೀಳ್ತದೆ. ಕಂಪನಿಯವರು ಸುಮ್ನೆ ಕೂತಿಲ್ಲ, ಉದ್ದದ ಬದಿಯಲ್ಲಿ ನಡುವೆ ಒಂದು ಶಾಫ್ಟ್ ಬೇರಿಂಗಲ್ಲಿ ಕೂರಿಸಿ ಹೊರಗಿನ ಎರಡು ಆಕ್ಸಲ್ ಸಮ ಉದ್ದ ಮಾಡುದುಂಟು. 2009ರ ಫೋರ್ಡ್ ಫೋಕಸ್ ಆರ್‌ಎಸ್‌ನಲ್ಲಿ ಮುಂದಿನ ಚಕ್ರಕ್ಕೆ 300 ಕುದುರೆ ಶಕ್ತಿ ಮೀರಿ ಕೊಡ್ಲಿಕ್ಕೆ ಚಕ್ರದ ಗೆಣ್ಣನ್ನೇ ಎರಡು ಭಾಗ ಮಾಡಿದ್ರು, ತಿರುಗುವ ಭಾಗ ಬೇರೆ, ಸ್ಪ್ರಿಂಗಿಗೆ ಕಟ್ಟಿದ ಭಾಗ ಬೇರೆ. ಅಷ್ಟು ಮಾಡಿಯೂ ಎಳೆತ ಪೂರ್ತಿ ಹೋಗಿರ್ಲಿಲ್ಲ.

ಹಾಗಂತ ಸರ್ವಿಸ್‌ನವರು ಎಂತಕ್ಕೂ ನಾರ್ಮಲ್ ಅಂತ ಹೇಳಿ ಕಳಿಸ್ಲಿಕ್ಕೆ ಇದು ನೆಪ ಆಗಬಾರ್ದು. ಇಕೋ ಮೋಡಲ್ಲಿ ಮೆಲ್ಲ ಹೊರಟ್ರೆ ನೇರ ಹೋಗ್ತದಾ? ಕಾಲು ತೆಗೆದಾಗ ಎಳೆತ ಸುಮ್ನೆ ನಿಲ್ತದಾ, ಅಥವಾ ಉಲ್ಟಾ ಕಡೆ ಜರ್ಕ್ ಹೊಡೀತದಾ? ಸುಮ್ನೆ ನಿಂತ್ರೆ ಗಾಡಿಯ ಸ್ವಭಾವ, ಉಲ್ಟಾ ಹೊಡೆದ್ರೆ ಮೇಲೆ ಡೊಂಬಿವಲಿಯವರಿಗೆ ಹೇಳಿದ್ದನ್ನೇ ನೀವೂ ಓದಿ, ಹೊಸ ಗಾಡಿಯಲ್ಲೂ ಬೋಲ್ಟ್ ಸಡಿಲ ಇರಬಹುದು. ಟಯರ್ ಗಾಳಿಯನ್ನು ಇವತ್ತೇ ನೋಡಿ, ಲಾರಿಯಲ್ಲಿ ಬಂದ ಹೊಸ ಗಾಡಿಗೆ ಹೆಚ್ಚು ಗಾಳಿ ಹಾಗೇ ಉಳಿದಿರುದುಂಟು, ಎಡ ಬಲ ಸಮ ಇಲ್ಲದೆಯೂ ಇರ್ತದೆ. ಸರ್ವಿಸ್ ಅಡ್ವೈಸರನ್ನು ಸ್ಟೀರಿಂಗಲ್ಲಿ ಕೂರಿಸಿ ನೀವು ಪಕ್ಕದಲ್ಲಿ ಕೂತು ಓಡಿಸಿ ನೋಡಿ, ಸಾಧ್ಯ ಇದ್ರೆ ಅದೇ ಮಾಡೆಲ್ಲಿನ ಅವರ ಡೆಮೋ ಗಾಡಿಯನ್ನೂ ಅದೇ ರಸ್ತೆಯಲ್ಲಿ. ಎರಡೂ ಒಂದೇ ಥರ ಎಳೆದ್ರೆ ಮತ್ತೆ ವಾದ ಮಾಡಿ ಫಲ ಇಲ್ಲ. ಎರಡು ಬೇರೆ ಬೇರೆ ಇದ್ರೆ ಜಾಬ್ ಕಾರ್ಡಲ್ಲಿ ಬರೆಸಿ, ವಾರಂಟಿ ಇರುವಾಗಲೇ, ಬಾಯಿ ಮಾತಲ್ಲಿ ಬಿಡಬೇಡಿ. ಹಿಂಜವಡಿ ಟ್ರಾಫಿಕ್ಕಲ್ಲಿ ಸ್ಪೋರ್ಟ್ ಮೋಡ್ ಹಾಕ್ಲಿಕ್ಕೆ ಜಾಗ ಎಲ್ಲಿ ಸಿಕ್ತು ಅಂತ ಮಾತ್ರ ನನಗೆ ಗೊತ್ತಾಗ್ಲಿಲ್ಲ.

ಅಂಧೇರಿಯಿಂದ: 15 ಇಂಚಿನ ಚಕ್ರ ತೆಗೆದು 17ರ ಅಲಾಯ್ ಹಾಕಿಸಿದೆ, ಟಯರ್ ಸ್ವಲ್ಪ ಹೊರಗೆ ಕಾಣ್ತದೆ, ನೋಡ್ಲಿಕ್ಕೆ ಚಂದ. ಆದರೆ ಈಗ ಜೋರು ಕೊಟ್ರೆ ಎಳೀತದೆ, ಹೊಂಡ ಬಂದ್ರೆ ಸ್ಟೀರಿಂಗ್ ಹೊಡೀತದೆ. ಅಂಗಡಿಯವ ಬ್ಯಾಲೆನ್ಸಿಂಗ್ ಮಾಡಿದ್ದಾನೆ.

ಉತ್ತರ: ಚಂದ ಕಾಣುದೇ ತೊಂದರೆ. ಚಕ್ರದ ಒಳಬದಿಯಲ್ಲಿ ಇಟಿ ಅಂತ ಬರೆದು ಪಕ್ಕದಲ್ಲಿ ಒಂದು ನಂಬರ್ ಇರ್ತದೆ, ಅದು ಆಫ್‌ಸೆಟ್. ಕಂಪನಿ ಚಕ್ರದ್ದು 45 ಇದ್ದು ಹೊಸದರದ್ದು 35 ಇದ್ರೆ ಚಕ್ರದ ನಡು 10 ಮಿಲಿಮೀಟರ್ ಹೊರಗೆ ಬಂತು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಗೆರೆಯ ಸುತ್ತ ತಿರುಗ್ತದೋ ಅದು ಇದ್ದಲ್ಲೇ ಉಂಟು, ಚಕ್ರ ಮಾತ್ರ ಅದರಿಂದ ದೂರ ಹೋಯ್ತು, ಈಗ ಆ ಚಕ್ರದ ಮೇಲೆ ಬೀಳುವ ಯಾವ ಜೋರೂ, ಇಂಜಿನ್ನಿದ್ದಾಗ್ಲಿ ಹೊಂಡದ್ದಾಗ್ಲಿ, ಉದ್ದದ ಹಿಡಿಕೆ ಸಿಕ್ಕಿದ ಹಾಗೆ ಸ್ಟೀರಿಂಗ್ ಎಳೀತದೆ. ಬ್ಯಾಲೆನ್ಸಿಂಗ್ ಮಾಡಿದ್ರೂ ಇದು ಹೋಗುದಿಲ್ಲ. ಸ್ಪೇಸರ್ (ಚಕ್ರ ಹೊರಗೆ ತರ್ಲಿಕ್ಕೆ ನಡುವೆ ಇಡುವ ಬಿಲ್ಲೆ) ಹಾಕಿಸಿದ್ರೆ ಮೊದ್ಲು ಅದನ್ನು ತೆಗೆಸಿ. ಅಲಾಯ್ ಬೇಕೇ ಬೇಕಾದ್ರೆ ಕಂಪನಿಯ ಆಫ್‌ಸೆಟ್‌ಗೆ ಹತ್ತಿರದ್ದು, ಒಟ್ಟು ಟಯರ್ ಎತ್ತರ ಮೊದಲಿನಷ್ಟೇ ಇರುವುದು ತಗೊಳ್ಳಿ. ಹಾಗೇ ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ತುರುಕಿ ಗಾಡಿ ಎತ್ತರ ಮಾಡ್ತಾರಲ್ಲ, ಅದನ್ನೂ ಮುಂದಿನ ಚಕ್ರಕ್ಕೆ ಹಾಕಬೇಡಿ, ಆಕ್ಸಲಿನ ಕೋನ ಹೆಚ್ಚಾಗಿ ಎಳೆತ ಹೆಚ್ಚಾಗ್ತದೆ.

ಠಾಣೆಯಿಂದ: ಊರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇಯಲ್ಲಿ ಸ್ಟೀರಿಂಗ್ ಬಿಟ್ರೆ ಗಾಡಿ ಎಡಕ್ಕೆ ಹೋಗ್ತದೆ, ಒತ್ತಿದ್ರೂ ಒತ್ತದಿದ್ರೂ. ತೊಂದರೆಯಾ?

ಉತ್ತರ: ಮೊದ್ಲು, 100ರಲ್ಲಿ ಸ್ಟೀರಿಂಗ್ ಬಿಡುದನ್ನು ನಿಲ್ಲಿಸಿ. ಮಳೆ ನೀರು ಹರೀಲಿ ಅಂತ ರಸ್ತೆಯನ್ನು ಮಧ್ಯದಿಂದ ಹೊರಬದಿಗೆ ಇಳಿಜಾರು ಮಾಡಿರ್ತಾರೆ, ಒಂದು ಮೀಟರಿಗೆ ಸುಮಾರು ಎರಡು ಸೆಂಟಿಮೀಟರ್. ನಾವು ಎಡಕ್ಕೆ ಓಡಿಸುವವ್ರು, ಇಳಿಜಾರು ಎಡಕ್ಕೆ, ಗಾಡಿ ಮೆಲ್ಲ ಎಡಕ್ಕೆ ಹೋಗುದು ಸಹಜ. ಎರಡೇ ಸೆಕೆಂಡಲ್ಲಿ ಲೇನ್ ದಾಟಿದ್ರೆ ಸಹಜ ಅಲ್ಲ. ಮಾಲ್‌ನ ಪಾರ್ಕಿಂಗ್ ಹಾಗೆ ನಿಜವಾಗಿ ಸಪಾಟಾದ ಜಾಗದಲ್ಲಿ ಒಂದು ದಿಕ್ಕಿಗೆ ಒಮ್ಮೆ, ತಿರುಗಿ ಬರ್ತಾ ಒಮ್ಮೆ, ಮೆಲ್ಲ ಓಡಿಸಿ ನೋಡಿ. ಎರಡೂ ಸಲ ಎಡಕ್ಕೇ ಹೋದ್ರೆ ಅಲೈನ್‌ಮೆಂಟ್ ಪ್ರಿಂಟಲ್ಲಿ ಕ್ಯಾಸ್ಟರ್ (ಚಕ್ರ ತಿರುಗುವ ಗೆರೆ ಹಿಂದಕ್ಕೆ ವಾಲಿರುವ ಕೋನ) ನೋಡಿ, ಕ್ಯಾಸ್ಟರ್ ಯಾವ ಬದಿ ಕಡಿಮೆ ಉಂಟೋ ಆ ಬದಿಗೆ ಗಾಡಿ ಎಳೀತದೆ, ಹೊಂಡಕ್ಕೆ ಬಿದ್ದು ಚಕ್ರ ಹಿಂದೆ ಸರಿದ್ರೆ ಕ್ಯಾಸ್ಟರ್ ಕಡಿಮೆ ಆಗುದು. ಹೆಚ್ಚಿನ ಅಲೈನ್‌ಮೆಂಟ್ ಅಂಗಡಿಯವ್ರು ಟೋ ಮಾತ್ರ ಸರಿ ಮಾಡಿ ದುಡ್ಡು ತಗೊಳ್ತಾರೆ, ಕ್ಯಾಸ್ಟರ್ ಕೆಂಪು ಇದ್ರೂ "ಅಡ್ಜಸ್ಟ್‌ಮೆಂಟ್ ನಹೀ ಹೈ" ಅಂತಾರೆ. ಅದು ನಿಜವೇ, ಎಷ್ಟೋ ಗಾಡಿಗಳಲ್ಲಿ ಅಡ್ಜಸ್ಟ್‌ಮೆಂಟ್ ಇರುದಿಲ್ಲ, ಆದ್ರೆ ಅದರರ್ಥ ಎಂತದೋ ಬಗ್ಗಿದೆ, ಅದನ್ನು ಹುಡುಕಿ ಅಂತ.

ವಾಸ್ಕೋದಿಂದ: ಬ್ರೇಕ್ ಹಾಕದಿದ್ರೂ ಬಲಕ್ಕೆ ಎಳಿತೈತ್ರಿ, ಸ್ವಲ್ಪ ದೂರ ಹೋದ ಮ್ಯಾಲೆ ಜಾಸ್ತಿ ಆಕ್ಕೈತಿ, ಪಿಕಪ್ಪೂ ಕಮ್ಮಿ ಅನಸ್ತೈತಿ.

ಉತ್ತರ: ಬಲದ ಮುಂದಿನ ಬ್ರೇಕ್ ಹಿಡ್ಕೊಂಡಿದೆ. ಸಮುದ್ರದ ಗಾಳಿಗೆ ಕ್ಯಾಲಿಪರಿನ (ಬ್ರೇಕ್ ಪ್ಯಾಡ್ ಒತ್ತುವ ಭಾಗದ) ಪಿನ್ ತುಕ್ಕು ಹಿಡೀತದೆ, ಪ್ಯಾಡ್ ವಾಪಸ್ ಬಿಡುದಿಲ್ಲ, ಬಿಸಿಯಾದ ಹಾಗೆ ಇನ್ನೂ ಬಿಗಿ ಆಗ್ತದೆ. ಹತ್ತು ಹದಿನೈದು ಕಿಲೋಮೀಟರ್ ಬ್ರೇಕ್ ಕಡಿಮೆ ಹಾಕಿ ಓಡಿಸಿ, ನಿಲ್ಲಿಸಿ, ಎಡ ಚಕ್ರದ ಹತ್ರ ಒಮ್ಮೆ ಬಲ ಚಕ್ರದ ಹತ್ರ ಒಮ್ಮೆ ಕೈ ಹಿಡೀರಿ, ಮುಟ್ಟಬೇಡಿ, ಸುಡ್ತದೆ. ಬಲದ್ದು ಹೆಚ್ಚು ಬಿಸಿ ಇದ್ರೆ ಪಿನ್ ಬಿಚ್ಚಿ ತೊಳೆದು ಬ್ರೇಕಿಗೆ ಅಂತಲೇ ಸಿಗುವ ಗ್ರೀಸ್ ಹಾಕಿಸಿ, ಮಾಮೂಲಿ ಗ್ರೀಸ್ ಹಾಕಿದ್ರೆ ರಬ್ಬರ್ ಉಬ್ಬಿ ಮತ್ತೆ ಹಿಡೀತದೆ. ಪಿನ್ ಸಲೀಸಾಗಿ ಓಡಾಡಿದ್ರೂ ಹಿಡೀತದೆ ಅಂದ್ರೆ ಪಿಸ್ಟನ್, ಅಥವಾ ಒಳಗಿಂದ ಊದಿದ ಬ್ರೇಕ್ ಹೋಸ್. ಇದನ್ನು ಮುಂದಿನ ವಾರಕ್ಕೆ ಇಡಬೇಡಿ.